ಮೂರು ತುಂಬಿ ಏಳಕ್ಕೆ ಬೀಳುವವರೆಗೆ

2023ರ ಗಣೇಶ ಚವತಿಯ ದಿನ, ಬಸಿರಿನ ಮೂರು ತಿಂಗಳ ಮೇಲೆ ಮೊದಲ ಸಲ ಒಗ್ಗರಣೆಯ ವಾಸನೆಗೆ ನನ್ನ ಹೊಟ್ಟೆ ತೊಳಸಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆ ಕಡಬು ಕರಿಯುವುದನ್ನು ನೋಡಿದೆ, ಎರಡು ಕಡಬು ತಿಂದೆ, ತಿಂದದ್ದು ಹೊಟ್ಟೆಯಲ್ಲೇ ನಿಂತಿತು. ಅತ್ತೆಯ ಮುಖ ಅರಳಿತು. "ಇನ್ನ ಚಿಂತಿಲ್ಲವಾ. ನಡುವಿನ ಮೂರು ತಿಂಗಳು ಹಗೂರ ಹೋಗ್ತಾವ. ಉಣ್ಣು, ತಿನ್ನು, ಆರಾಮಿರು" ಎಂದರು.

ಹಗುರವೇನೋ ಹೌದು. ಆದರೆ ಹೆದರಿಕೆ, ಕಾಯುವಿಕೆ, ಪರೀಕ್ಷೆ ಎಲ್ಲ ಬಂದದ್ದು ಈ ಹಗುರ ತಿಂಗಳುಗಳಲ್ಲೇ. ನನ್ನದು ಚೊಚ್ಚಲು. ಗದಗಿನಲ್ಲಿ ಮನೆ, 26 ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ, ದಿನಾ ಬಸ್ಸಿನಲ್ಲಿ ಹೋಗಿಬರುವ ಕೆಲಸ. ಮೊದಲ ಮೂರು ತಿಂಗಳ ಸಂಕಟದ ಬಗ್ಗೆ ಎಲ್ಲರೂ ಹೇಳಿದ್ದರು, ಹೆರಿಗೆಯ ಬಗ್ಗೆ ಕೇಳದೆಯೂ ಹೇಳುತ್ತಿದ್ದರು. ನಡುವಿನ ಕಾಲಕ್ಕೆ ಏನೇನು ಬರುತ್ತದೆ ಎಂದು ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ.

ಮೊದಲ ಗೊಂದಲ ಲೆಕ್ಕದ್ದು. ಮನೆಯಲ್ಲಿ ತಿಂಗಳಿನ ಲೆಕ್ಕ, ಆಸ್ಪತ್ರೆಯಲ್ಲಿ ವಾರದ ಲೆಕ್ಕ. ಕಡೆಯ ಮುಟ್ಟಿನ ಮೊದಲ ದಿನದಿಂದ ವಾರ ಎಣಿಸುತ್ತಾರೆ, ಅಂದರೆ ಬಸಿರು ನಿಲ್ಲುವ ಮುಂಚಿನ ಎರಡು ವಾರವೂ ಅದರಲ್ಲಿ ಸೇರಿಹೋಗುತ್ತದೆ. ಹೆಚ್ಚುಕಡಿಮೆ 14ರಿಂದ 28 ವಾರದವರೆಗಿನದು ನಡುವಿನ ಕಾಲ. ಅತ್ತೆ "ನಾಕರಾಗ ಬಿದ್ದಾವ" ಅಂದಾಗ ತಾಯಿ ಕಾರ್ಡಿನಲ್ಲಿ 14 ವಾರ ಎಂದಿತ್ತು. ಯಾರು ಕೇಳಿದರೂ ಎರಡು ಉತ್ತರ ಇಟ್ಟುಕೊಳ್ಳುವುದು ರೂಢಿಯಾಯಿತು.

ದೇಹ ಬದಲಾದ ರೀತಿಯನ್ನು ಸ್ವಲ್ಪ ಹೇಳುತ್ತೇನೆ. ಹಲ್ಲುಜ್ಜಿದರೆ ಒಸಡಿನಿಂದ ರಕ್ತ ಬರುತ್ತಿತ್ತು. ಒಂದು ಬೆಳಿಗ್ಗೆ ಮೂಗಿನಿಂದಲೂ ಬಂತು. ಬಸಿರಿನಲ್ಲಿ ಮೈಯ ರಕ್ತದ ಪ್ರಮಾಣ ಶೇಕಡ 40ರಿಂದ 50ರಷ್ಟು ಹೆಚ್ಚುತ್ತದೆ, ತೆಳು ಚರ್ಮವಿರುವ ಕಡೆ ರಕ್ತನಾಳಗಳು ಉಬ್ಬಿರುತ್ತವೆ ಎಂದು ಡಾಕ್ಟರ್ ಮೇಡಂ ಹೇಳಿದ ಮೇಲೆ ಗಾಬರಿ ಇಳಿಯಿತು. ಹೊಕ್ಕುಳಿನಿಂದ ಕೆಳಕ್ಕೆ ಒಂದು ಕಪ್ಪು ಗೆರೆ ಮೂಡಿತು. ಕುಳಿತವಳು ಥಟ್ಟನೆ ಎದ್ದರೆ ಕಿಬ್ಬೊಟ್ಟೆಯ ಪಕ್ಕದಲ್ಲಿ ಚುಳುಕ್ ಎನ್ನುತ್ತಿತ್ತು. ಗರ್ಭಚೀಲವನ್ನು ಹಿಡಿದಿಟ್ಟ ಕಟ್ಟುಗಳು ಎಳೆದುಕೊಳ್ಳುವಾಗ ಹಾಗಾಗುತ್ತದಂತೆ, ನಿಧಾನಕ್ಕೆ ಎದ್ದರೆ ಇಲ್ಲ. ರಾತ್ರಿ ಮೂರರ ಸುಮಾರಿಗೆ ಕಾಲಿನ ಮೀನಖಂಡ ಸೆಟೆದುಕೊಂಡು ಅತ್ತೇಬಿಡುವಂತಾಗುತ್ತಿತ್ತು. ನಮ್ಮ ಮನೆಯವರು ಎದ್ದು ಪಾದದ ಬೆರಳುಗಳನ್ನು ನನ್ನ ಮುಖದ ಕಡೆಗೆ ಬಾಗಿಸಿ ಹಿಡಿಯುವುದನ್ನು ಕಲಿತರು. ಅರ್ಧ ನಿಮಿಷದಲ್ಲಿ ಸಡಿಲಾಗುತ್ತದೆ. ಬಿಳಿ ಹೋಗುವುದು ಹೆಚ್ಚಾಯಿತು. ತುರಿಕೆ, ಕೆಟ್ಟ ವಾಸನೆ, ಬಣ್ಣ ಇಲ್ಲದಿದ್ದರೆ ಅದೂ ಸಹಜವೇ. ಈ ಮಾತನ್ನು ನಾನು ಕೇಳಲು ನಾಚಿ ಒಂದು ತಿಂಗಳು ಸುಮ್ಮನಿದ್ದೆ. ನಾಚಬಾರದಿತ್ತು.

ಒಂದು ದಿನ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ನಿಂತಾಗ ಕಣ್ಣಿಗೆ ಕತ್ತಲೆ ಬಂತು. ಮಕ್ಕಳ ಸಾಲು ಓಲಾಡಿತು. ಕಂಬ ಹಿಡಿದು ಅಲ್ಲೇ ಕುಳಿತೆ. ನಡುವಿನ ತಿಂಗಳುಗಳಲ್ಲಿ ರಕ್ತದೊತ್ತಡ ತುಸು ಇಳಿಯುತ್ತದೆ, ಬಹಳ ಹೊತ್ತು ಅಲುಗಾಡದೆ ನಿಲ್ಲಬಾರದು ಎಂದು ಆಮೇಲೆ ತಿಳಿಯಿತು. ಹೆಡ್ ಮಾಸ್ತರರು ಮರುದಿನದಿಂದ ಕಟ್ಟೆಯ ಮೇಲೆ ನನಗೊಂದು ಕುರ್ಚಿ ಹಾಕಿಸಿದರು. ರಾಷ್ಟ್ರಗೀತೆಗೆ ಮಾತ್ರ ಎದ್ದು ನಿಲ್ಲುತ್ತಿದ್ದೆ.

ಬಸ್ಸಿನ ಮಾತೂ ಬೇಕು. ಆ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವಾಗಿತ್ತು. ಬೆಳಗಿನ ಬಸ್ಸು ತುಂಬಿ ತುಳುಕುತ್ತಿತ್ತು. ಹೊಟ್ಟೆ ಕಾಣುವ ಮುಂಚೆ ನಿಂತೇ ಹೋದೆ, ಕೇಳಲು ಸಂಕೋಚ. ಐದನೆಯ ತಿಂಗಳಲ್ಲಿ ಕೂಲಿಗೆ ಹೊರಟ ಒಬ್ಬ ಮುದುಕಿ ನನ್ನ ಸೆರಗಿನ ಕಡೆ ಒಮ್ಮೆ ನೋಡಿ, "ಬಾರವ್ವಾ, ಕುಂದ್ರ. ನಾ ಕೆಳಗ ಕುಂದರ್ತೀನಿ" ಎಂದು ಸೀಟು ಬಿಟ್ಟು ಬುಟ್ಟಿಯ ಪಕ್ಕ ಕುಳಿತುಬಿಟ್ಟಳು. ಆವತ್ತಿನಿಂದ ಆ ಬಸ್ಸಿನಲ್ಲಿ ನನ್ನ ಸೀಟು ಯಾರೂ ಕೂರದ ಸೀಟಾಯಿತು. ಹಿಂದಿನ ಚಕ್ರದ ಮೇಲಿನ ಸೀಟು ಬೇಡ, ನಡುವಿನದು ಒಳ್ಳೆಯದು ಎಂದು ಹೇಳಿಕೊಟ್ಟವನು ಕಂಡಕ್ಟರ್.

ಈಗ ರಕ್ತದ ಕಥೆ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕಾದದ್ದು ಇದೇ.

ಮೊದಲು ಹೆಸರು ಬರೆಸಿದಾಗ ನನ್ನ ಹಿಮೋಗ್ಲೋಬಿನ್ 11.2 ಇತ್ತು. ಬಸುರಿಗೆ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದು ಎಣಿಸುತ್ತಾರೆ, ಹಾಗಾಗಿ ಗೆರೆಯ ಮೇಲೇ ಇದ್ದೆ. ನಾಲ್ಕನೆಯ ತಿಂಗಳಿನಿಂದ ಕೆಂಪು ಗುಳಿಗೆ ಕೊಟ್ಟರು. 60 ಮಿಲಿಗ್ರಾಂ ಕಬ್ಬಿಣಾಂಶ, ಜೊತೆಗೆ ಫೋಲಿಕ್ ಆಸಿಡ್, ದಿನಕ್ಕೊಂದರಂತೆ 180 ದಿನ. ಕ್ಯಾಲ್ಸಿಯಂ ಗುಳಿಗೆ ದಿನಕ್ಕೆರಡು. ಹೊಟ್ಟೆಯ ಹುಳಕ್ಕೆ ಅಲ್ಬೆಂಡಜೋಲ್ ಒಂದೇ ಒಂದು, ಮೊದಲ ಮೂರು ತಿಂಗಳು ಕಳೆದ ಮೇಲೆ ಮಾತ್ರ ಕೊಡುವಂಥದ್ದು. ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಚುಚ್ಚುಮದ್ದು ಒಂದು, ತಿಂಗಳು ಬಿಟ್ಟು ಇನ್ನೊಂದು. ನಾನು ಶಿಸ್ತಿನವಳು. ಒಂದು ಗುಳಿಗೆಯನ್ನೂ ತಪ್ಪಿಸಲಿಲ್ಲ.

ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ನಡುವಿನ ಮತ್ತು ಕಡೆಯ ತಿಂಗಳುಗಳ ಬಸುರಿಯರಿಗೆ ತಜ್ಞರಿಂದ ಪುಕ್ಕಟೆ ತಪಾಸಣೆ ಇರುತ್ತದೆ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಎಂದು 2016ರಿಂದ ನಡೆದಿದೆ. ಅಕ್ಟೋಬರ್ 9ಕ್ಕೆ ಹೋದೆ. 9.6. ಕಾರ್ಡಿನಲ್ಲಿ ಕೆಂಪು ಶಾಯಿಯ ಸುತ್ತು. ದಿನಕ್ಕೆ ಎರಡು ಗುಳಿಗೆ ಎಂದು ಬರೆದರು. ರಕ್ತದ ನೀರಿನ ಭಾಗ ಬೇಗ ಹೆಚ್ಚುತ್ತದೆ, ಕೆಂಪು ಕಣ ಅಷ್ಟು ಬೇಗ ಹೆಚ್ಚುವುದಿಲ್ಲ, ಹಾಗಾಗಿ ಸ್ವಲ್ಪ ಇಳಿಯುವುದು ಸಹಜ, ಆದರೆ ಇದು ಸ್ವಲ್ಪಕ್ಕಿಂತ ಹೆಚ್ಚು ಎಂದರು. ನವೆಂಬರ್ 9ಕ್ಕೆ ಮತ್ತೆ ನೋಡಿದರು. ಎರಡೆರಡು ಗುಳಿಗೆ ನುಂಗಿದ ಮೇಲೂ 9.2.

ಸಿಸ್ಟರ್ ಕೇಳಿದರು, "ಗುಳಿಗಿ ತೊಗೋತೀರೋ ಇಲ್ಲೋ?" ಅವರ ದನಿಯಲ್ಲಿ ಸಂಶಯವಿತ್ತು. ನನಗೆ ಅಳು ಬಂತು. ಖಾಲಿ ಪಟ್ಟಿಗಳನ್ನು ಚೀಲದಿಂದ ತೆಗೆದು ತೋರಿಸಿದೆ. ಡಾಕ್ಟರ್ ಮೇಡಂ ಸಮಾಧಾನ ಮಾಡಿ, ಮುಂದಿನ ಸಲಕ್ಕೂ ಏರದಿದ್ದರೆ ಸಲೈನ್‌ನಲ್ಲಿ ಕಬ್ಬಿಣಾಂಶ ಹಾಕಬೇಕಾಗುತ್ತದೆ ಎಂದರು. ಅದು ಹೆದರುವಂಥದ್ದಲ್ಲ, ಎಷ್ಟೋ ಜನರಿಗೆ ಹಾಕುತ್ತಾರೆ. ಆದರೂ ಇಷ್ಟು ಗುಳಿಗೆ ಎಲ್ಲಿಗೆ ಹೋಯಿತು ಎನ್ನುವ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಉತ್ತರ ಸಿಕ್ಕದ್ದು ನಮ್ಮ ಶಾಲೆಯ ಆವರಣದಲ್ಲೇ ಇರುವ ಅಂಗನವಾಡಿಯಲ್ಲಿ. ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ರಾಜ್ಯದ ತುಂಬ ಜಾರಿಯಾದಾಗಿನಿಂದ ಊರಿನ ಬಸುರಿಯರು, ಬಾಣಂತಿಯರು ಮಧ್ಯಾಹ್ನ ಅಲ್ಲಿ ಉಣ್ಣುತ್ತಾರೆ. ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ದೀಪಾವಳಿ ರಜೆ ಮುಗಿದ ಮೇಲೆ ಬೆನ್ನು ನೋವು ಹೆಚ್ಚಾಗಿ, ಊಟದ ಬಿಡುವಿನಲ್ಲಿ ಸ್ವಲ್ಪ ಕಾಲು ಚಾಚಲೆಂದು ನಾನೂ ಅಲ್ಲಿಗೆ ಹೋಗತೊಡಗಿದೆ. ನನ್ನ ಡಬ್ಬಿ ತೆಗೆದು ಉಂಡೆ. ಹೋಟೆಲಿನಿಂದ ಹುಡುಗ ತಂದ ಚಾ ಬಂತು. ಕೆಂಪು ಗುಳಿಗೆ, ಕ್ಯಾಲ್ಸಿಯಂನ ಬಿಳಿ ಗುಳಿಗೆ ಎರಡನ್ನೂ ಒಟ್ಟಿಗೆ ಅಂಗೈಯಲ್ಲಿಟ್ಟುಕೊಂಡು ಬಾಯಿಗೆ ಹಾಕಿ ಚಾ ಕುಡಿದೆ. ಮರೆಯಬಾರದೆಂದು ಎರಡನ್ನೂ ಒಂದೇ ಹೊತ್ತಿಗೆ ಇಟ್ಟುಕೊಂಡಿದ್ದೆ. ಬೆಳಿಗ್ಗೆಯೂ ಹಾಗೆ, ಚಾ ಜೊತೆಗೆ.

ಅಂಗನವಾಡಿ ಕಾರ್ಯಕರ್ತೆ ಪಾತ್ರೆ ತೊಳೆಯುತ್ತಿದ್ದವರು ಕೈ ನಿಲ್ಲಿಸಿದರು. "ಅಕ್ಕೋರ, ದಿನಾ ಹಿಂಗ ತೊಗೋತೀರೇನ್ರೀ?"

"ಹೌದ್ರಿ. ಯಾಕ?"

"ಚಾ ಕೂಡ ಕಬ್ಬಿಣದ ಗುಳಿಗಿ ನುಂಗಿದ್ರ ಮೈಗೆ ಹತ್ತಂಗಿಲ್ಲರಿ. ಆ ಬಿಳಿ ಗುಳಿಗಿ ಜೋಡಿನೂ ಹತ್ತಂಗಿಲ್ಲ. ಎರಡೂ ಬ್ಯಾರೆ ಬ್ಯಾರೆ ಹೊತ್ತಿಗೆ ತೊಗೋಬೇಕು. ನಮ್ಮ ಟ್ರೇನಿಂಗ್‌ನ್ಯಾಗ ಮೊದಲ ಹೇಳಿದ್ದ ಇದು."

ಎದುರಿಗೆ ಕುಳಿತು ಉಣ್ಣುತ್ತಿದ್ದ ಎಂಟು ತಿಂಗಳ ಹೆಣ್ಣುಮಗಳು ಒಬ್ಬಳು ಊಟ ಮುಗಿಸಿ, ಅವರ ಕೈಯಿಂದ ಕೆಂಪು ಗುಳಿಗೆ ಇಸಿದುಕೊಂಡು, ನೀರು ಕುಡಿದು ನುಂಗಿದಳು. ಅವಳ ಹಿಮೋಗ್ಲೋಬಿನ್ 10.8. ಅವಳು ಮೂರನೆಯ ತರಗತಿಯಲ್ಲಿ ಶಾಲೆ ಬಿಟ್ಟವಳು. ಮಕ್ಕಳಿಗೆ ಆಹಾರದ ಪಾಠ ಮಾಡುವವಳು ನಾನು. ಆ ಹೊತ್ತಿಗೆ ನನಗೆ ನಾಚಿಕೆಗಿಂತ ಹೆಚ್ಚಾಗಿ ದುಃಖವಾಯಿತು. ಎರಡು ತಿಂಗಳ ಗುಳಿಗೆ ಚಾದ ಜೊತೆ ಹರಿದುಹೋಗಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ತೊಗೋತೀರೋ ಇಲ್ಲೋ ಎಂದು ಕೇಳಿದರೇ ಹೊರತು, ಹೆಂಗ ತೊಗೋತೀರಿ ಎಂದು ಯಾರಿಗೂ ಹೊಳೆಯಲಿಲ್ಲ. ಗದಗಿನ ಸೀಮೆಯಲ್ಲಿ ಚಾ ಇಲ್ಲದೆ ಯಾವ ಕೆಲಸ ಶುರುವಾಗುತ್ತದೆ? ಎಷ್ಟು ಬಸುರಿಯರು ಹೀಗೆ ನುಂಗುತ್ತಿರಬಹುದು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 100 ಬಸುರಿಯರಲ್ಲಿ 52 ಜನರಿಗೆ ರಕ್ತಹೀನತೆ. ಆ ಲೆಕ್ಕದಲ್ಲಿ ಗುಳಿಗೆ ಸಿಗದವರು ಇದ್ದಾರೆ, ಸಿಕ್ಕರೂ ನುಂಗದವರು ಇದ್ದಾರೆ, ನನ್ನ ಹಾಗೆ ನುಂಗಿಯೂ ಮೈಗೆ ಹತ್ತದವರೂ ಇದ್ದೇ ಇರುತ್ತಾರೆ.

ಆವತ್ತೇ ಹೊತ್ತು ಬದಲಿಸಿದೆ. ಬೆಳಿಗ್ಗೆ ಏಳಕ್ಕೆ ಒಂದು ಕೆಂಪು ಗುಳಿಗೆ, ಅರ್ಧ ಹೋಳು ನಿಂಬೆಹಣ್ಣಿನ ನೀರಿನ ಜೊತೆ. ಹುಳಿ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ಬಿಳಿ ಗುಳಿಗೆ ಎರಡು ಹೊತ್ತಿನ ಊಟದ ಜೊತೆ. ರಾತ್ರಿ ಊಟವಾಗಿ ಎರಡು ತಾಸು ಬಿಟ್ಟು ಇನ್ನೊಂದು ಕೆಂಪು. ಚಾ ಗುಳಿಗೆಯಿಂದ ಎರಡು ತಾಸು ದೂರ. ಬೆಳಗಿನ ಚಾ ಒಂಬತ್ತಕ್ಕೆ ಹೋಗುವುದೆಂದರೆ ನನಗೆ ತಲೆನೋವೇ ಬರುತ್ತಿತ್ತು, ಒಂದು ವಾರದಲ್ಲಿ ಅದೂ ಹೋಯಿತು. ಗುಳಿಗೆಯಿಂದ ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ. ಕಪ್ಪಾಗುವುದಕ್ಕೆ ಹೆದರಬೇಕಿಲ್ಲ. ಕಟ್ಟುವುದಕ್ಕೆ ನೀರು, ಪಪ್ಪಾಯಿ ಬಿಟ್ಟು ಉಳಿದ ಹಣ್ಣು (ಅತ್ತೆಯ ಮಾತು ಮೀರಲಿಲ್ಲ), ಹಸಿ ಗಜ್ಜರಿ, ಮೆಂತ್ಯದ ಸೊಪ್ಪು, ಜೋಳದ ರೊಟ್ಟಿ. ಗುಳಿಗೆ ಬಿಡುವುದು ಅದಕ್ಕೆ ಮದ್ದಲ್ಲ.

ಇದರ ನಡುವೆ ಬಂದದ್ದು ದೊಡ್ಡ ಸ್ಕ್ಯಾನಿಂಗ್. ಕಾಲಕ್ರಮದಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು, ದಸರಾ ರಜೆಗೆ. ಕೂಸಿನ ಅಂಗಾಂಗ ಎಲ್ಲ ಸರಿಯಿವೆಯೋ ಎಂದು 18ರಿಂದ 20 ವಾರದೊಳಗೆ ನೋಡುವ ಸ್ಕ್ಯಾನಿಂಗ್ ಇದು. ಮುಂಚೆ ಮಾಡಿದರೆ ಹೃದಯದ ನಾಲ್ಕು ಕೋಣೆ ಸರಿಯಾಗಿ ಕಾಣುವಷ್ಟು ದೊಡ್ಡದಾಗಿರುವುದಿಲ್ಲ. ತಡವಾದರೆ, ಏನಾದರೂ ದೊಡ್ಡ ತೊಂದರೆ ಕಂಡಾಗ ಮುಂದೇನು ಎಂದು ವಿಚಾರ ಮಾಡಲು ಹೆಚ್ಚು ಸಮಯ ಕೈಯಲ್ಲಿ ಉಳಿಯುವುದಿಲ್ಲ. ನನ್ನ ಜೊತೆಗಾರ್ತಿ ಒಬ್ಬಳು "ಎಲ್ಲ ಆರಾಮ ಐತಿ, ಎಂಟರಾಗ ಮಾಡಿಸಿದ್ರಾತು" ಎಂದು ಬಿಟ್ಟಿದ್ದಳು. ಹಾಗೆ ಬಿಡಬಾರದು.

ಅಕ್ಟೋಬರ್ 21, ಶನಿವಾರ. ಸರಿಯಾಗಿ 19 ವಾರ. ಸರತಿ ದೊಡ್ಡದಿತ್ತೆಂದು ಖಾಸಗಿ ಕೇಂದ್ರವೊಂದಕ್ಕೆ ಹೋದೆವು. ಬಾಗಿಲಲ್ಲೇ ಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ. ಒಳಗೆ ಹೋಗುವ ಮುಂಚೆ ಫಾರಂ ತುಂಬಿಸಿ, ಗಂಡೋ ಹೆಣ್ಣೋ ಎಂದು ತಿಳಿಯುವ ಇಚ್ಛೆ ನನಗಿಲ್ಲ ಎಂದು ಸಹಿ ಹಾಕಿಸಿಕೊಂಡರು. 1994ರ ಕಾಯ್ದೆಯಂತೆ ಹೇಳುವುದೂ ಅಪರಾಧ, ಕೇಳುವುದೂ ಅಪರಾಧ. ಹಿಂದಿನ ದಿನವಷ್ಟೇ ದೂರದ ಸಂಬಂಧಿ ಒಬ್ಬರು "ಗುರ್ತಿನವರು ಇದ್ರ ಸನ್ನಿ ಮಾಡಿ ಹೇಳ್ತಾರ" ಅಂದಿದ್ದರು. ನಮ್ಮ ಅತ್ತೆ ಅವರಿಗೆ ಕೊಟ್ಟ ಉತ್ತರ ನನಗೆ ಇವತ್ತಿಗೂ ನೆನಪಿದೆ: "ನನಗ ಮೂರು ಹೆಣ್ಣಾದ ಮ್ಯಾಲೆ ಇವ ಹುಟ್ಟಿದ. ಆ ಮೂವರೂ ನನ್ನ ಮಕ್ಕಳ. ಈ ಮಾತು ನಮ್ಮ ಮನ್ಯಾಗ ಬ್ಯಾಡ."

ತಣ್ಣನೆಯ ಜೆಲ್ಲಿ ಹಚ್ಚಿ ನೋಡತೊಡಗಿದರು. ಕೂಸು ಬೋರಲಾಗಿ ಮಲಗಿತ್ತು, ಮುಖ ಕಾಣಲಿಲ್ಲ. ಹೊರಗೆ ಹೋಗಿ ಅಡ್ಡಾಡಿ ಬನ್ನಿ, ಏನಾದರೂ ತಿನ್ನಿ ಎಂದರು. ಕಾರಿಡಾರಿನಲ್ಲಿ ಇಪ್ಪತ್ತು ನಿಮಿಷ ಅಡ್ಡಾಡಿದೆ. ಮತ್ತೆ ಮಲಗಿದಾಗ ಅಂಗಾತ ತಿರುಗಿತ್ತು. ತಲೆಬುರುಡೆ, ಮಿದುಳು, ತುಟಿ, ಹೃದಯ, ಬೆನ್ನುಮೂಳೆಯ ಒಂದೊಂದು ಮಣಿ, ಹೊಟ್ಟೆ, ಮೂತ್ರಪಿಂಡ, ತೊಡೆಯ ಮೂಳೆಯ ಉದ್ದ, ಸುತ್ತಲಿನ ನೀರು, ಮಾಸು (ಪ್ಲಾಸೆಂಟಾ) ಎಲ್ಲಿದೆ ಎಂಬುದು, ಗರ್ಭಚೀಲದ ಬಾಯಿಯ ಉದ್ದ ಎಲ್ಲವನ್ನೂ ಅಳೆದರು. ಬೆನ್ನಿನ ಮಣಿಗಳು ಪರದೆಯ ಮೇಲೆ ಮುತ್ತಿನ ಸಾಲಿನಂತೆ ಕಂಡಾಗ ನಮ್ಮ ಮನೆಯವರು ನನ್ನ ಕೈ ಒತ್ತಿದರು.

ಆಮೇಲಾದದ್ದು ನನಗೆ ನೋವು ಕೊಟ್ಟಿತು. ವೈದ್ಯರು ಟೈಪ್ ಮಾಡುವವರಿಗೆ ಇಂಗ್ಲಿಷಿನಲ್ಲಿ ಏನೋ ಹೇಳುತ್ತ ಹೋದರು. ಪ್ಲಾಸೆಂಟಾ, ಲೋ ಲೈಯಿಂಗ್ ಎನ್ನುವುದು ಕಿವಿಗೆ ಬಿತ್ತು. "ಏನ್ರೀ ಸರ್, ಸರಿ ಐತ್ರಿ?" ಎಂದು ಕೇಳಿದೆ. "ನಿಮ್ಮ ಡಾಕ್ಟರಿಗೆ ತೋರಿಸ್ರಿ" ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು. ಕೌಂಟರಿನಲ್ಲಿ ಲಕೋಟೆ ಕೊಟ್ಟರು. ಭಾನುವಾರ, ಆಯುಧಪೂಜೆ, ವಿಜಯದಶಮಿ ಸಾಲಾಗಿ ರಜೆ. ಬುಧವಾರದವರೆಗೆ ಡಾಕ್ಟರ್ ಮೇಡಂ ಸಿಗುವಂತಿರಲಿಲ್ಲ. ಆ ಮೂರು ದಿನ ನಾನು ಮನೆಯಲ್ಲಿ ಕಾಲು ಸದ್ದಾಗದಂತೆ ನಡೆದೆ. ಬನ್ನಿ ಕೊಡಲು ಬಂದವರಿಗೆ ನಗುತ್ತ ಬನ್ನಿ ಕೊಟ್ಟೆ, ಒಳಗೆ ಹೋಗಿ ಲಕೋಟೆ ತೆಗೆದು ಮತ್ತೆ ಓದಿದೆ. ಎರಡೇ ಎರಡು ನಿಮಿಷ, ಎರಡು ಕನ್ನಡ ವಾಕ್ಯ, ಅಷ್ಟಿದ್ದರೆ ಆ ಮೂರು ದಿನ ಹಬ್ಬದ ದಿನಗಳಾಗಿ ಉಳಿಯುತ್ತಿದ್ದವು.

ಬುಧವಾರ ಮೇಡಂ ವರದಿ ನೋಡಿ ಮೊದಲು ಹೇಳಿದ ಮಾತು: "ಕೂಸು ಚಲೋ ಐತಿ." ಆಮೇಲೆ ಕಾಗದದ ಹಿಂದೆ ಒಂದು ಬಲೂನು ಬರೆದರು. ಬಲೂನಿನ ಬಾಯಿಯ ಹತ್ತಿರ ಒಂದು ಚುಕ್ಕೆ ಇಟ್ಟರು. "ಈ ಚುಕ್ಕಿ ಅಂದ್ರ ಮಾಸು. ಈಗ ಬಾಯಿಗೆ ಸಮೀಪ ಐತಿ, ಎರಡು ಸೆಂಟಿಮೀಟರ್‌ಕಿಂತ ಕಡಿಮಿ. ಬಲೂನು ಉಬ್ಬಿದಂಗ ಚುಕ್ಕಿ ಬಾಯಿಂದ ದೂರ ಹೋಗ್ತದ ನೋಡ್ರಿ. ಹತ್ತು ಮಂದ್ಯಾಗ ಒಂಬತ್ತು ಮಂದಿಗೆ ತಾನ ಮ್ಯಾಲೆ ಹೋಗಿರ್ತದ. 32 ವಾರಕ್ಕ ಮತ್ತೊಮ್ಮೆ ನೋಡೂಣು." ಹಾಸಿಗೆ ಹಿಡಿದು ಮಲಗುವ ಅಗತ್ಯ ಇಲ್ಲ, ಶಾಲೆಗೆ ಹೋಗಬಹುದು, ಭಾರ ಎತ್ತುವುದು ಬೇಡ, ಗಂಡಹೆಂಡಿರ ಕೂಡುವಿಕೆ ಸದ್ಯಕ್ಕೆ ಬೇಡ. ರಕ್ತ ಒಂದು ಹನಿ ಕಂಡರೂ, ನೋವಿಲ್ಲದಿದ್ದರೂ, ರಾತ್ರಿಯಾಗಿದ್ದರೂ 108ಕ್ಕೆ ಫೋನ್ ಮಾಡಿ ಬರಬೇಕು. ನೀರು ಸೋರಿದರೆ, ಜ್ವರ ಬಂದರೆ, ಉಚ್ಚೆ ಉರಿದರೆ, ತಲೆಸಿಡಿತದ ಜೊತೆ ಕಣ್ಣು ಮಂಜಾದರೆ, ಮುಖ ಬಾತರೆ, ಹೊಟ್ಟೆ ಬಿಟ್ಟುಬಿಟ್ಟು ಗಟ್ಟಿಯಾಗಿ ನೋಯತೊಡಗಿದರೆ ಕಾಯಬಾರದು. ಇದನ್ನು ನಾನು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಬರೆದು ಅಂಟಿಸಿದೆ.

ಮೂರು ದಿನ ಬಿಟ್ಟು, 28ಕ್ಕೆ, ಸೀಗಿ ಹುಣ್ಣಿಮೆ. ಬೆಳೆ ಹೊತ್ತ ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಮಾಡಿಸುವ ಹಬ್ಬ. ಪ್ರತಿ ವರ್ಷ ಹೋಗುತ್ತಿದ್ದೆ, ಆದರೆ ಆ ವರ್ಷ ಹೊಲದ ಬದುವಿನ ಮೇಲೆ ನಿಂತದ್ದು ಬೇರೆ ಥರ ಇತ್ತು. ಮಳೆ ಕೈಕೊಟ್ಟಿತ್ತು. ರಾಜ್ಯದ ಹೆಚ್ಚಿನ ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ್ದರು. ಗೋವಿನಜೋಳ ಸೊಂಟದೆತ್ತರಕ್ಕೂ ಬರದೆ ಒಣಗಿ ನಿಂತಿತ್ತು. ಆದರೂ ಅತ್ತೆ ಒಂದೂ ಬಿಡದೆ ಮಾಡಿದ್ದರು: ಸಜ್ಜೆ ರೊಟ್ಟಿ, ಕರಿಗಡಬು, ಪುಂಡಿಪಲ್ಲೆ, ಬದನೆಕಾಯಿ, ಗುರೆಳ್ಳು ಚಟ್ನಿ, ಮೊಸರನ್ನ. ಐದು ಕಲ್ಲಿಟ್ಟು ಪೂಜೆ ಮಾಡಿ ಮಾವ ಚರಗ (ನೈವೇದ್ಯದ ಅಡುಗೆ) ಚೆಲ್ಲುತ್ತ ಹೊಲ ಸುತ್ತಿದರು. ಅಲ್ಲಿ ಕೂಡಿದ ಹೆಂಗಸರೆಲ್ಲ ನನ್ನನ್ನು ಕೇಳಿದ್ದು ಒಂದೇ. "ಕೂಸು ಮಿಸುಕಾಡ್ತೈತೇನ?" ಇಲ್ಲ ಎಂದೆ. ಐದು ತುಂಬಿದರೂ ಇಲ್ಲವೇ ಎಂದು ಒಬ್ಬಿಬ್ಬರು ಮುಖ ನೋಡಿಕೊಂಡರು. ನನ್ನ ಗಂಟಲಲ್ಲಿ ತುತ್ತು ಇಳಿಯಲಿಲ್ಲ.

ಅದೇ ರಾತ್ರಿ ಚಂದ್ರಗ್ರಹಣ. ಚಂದ್ರನ ಅಂಚಷ್ಟೇ ಕಪ್ಪಾಗುವ ಖಂಡಗ್ರಾಸ ಗ್ರಹಣ, ಒಂದು ಗಂಟೆ ಐದು ನಿಮಿಷಕ್ಕೆ ಹಿಡಿದು ಎರಡೂ ಕಾಲು ದಾಟಿದ ಮೇಲೆ ಬಿಡುವಂಥದ್ದು. ಸಂಜೆ ನಾಲ್ಕರಿಂದ ಯಾರೂ ಉಣ್ಣಬಾರದು ಎನ್ನುವ ಮಾತು ಬಂತು. ಅಷ್ಟು ಹೊತ್ತು ಉಪವಾಸ ಇದ್ದರೆ ನನಗೆ ತಲೆ ಸುತ್ತುತ್ತದೆ ಎಂದು ಅತ್ತೆಗೆ ಹೇಳಿದೆ. ವಾದ ಮಾಡಲಿಲ್ಲ, ನಡೆದದ್ದನ್ನು ಹೇಳಿದೆ, ಪ್ರಾರ್ಥನೆಯ ಹೊತ್ತಿನಲ್ಲಿ ಕಂಬ ಹಿಡಿದು ಕುಳಿತದ್ದನ್ನು. ಅವರಿಗೆ ಗೊತ್ತಿರಲಿಲ್ಲ. ಅಯ್ಯನವರಿಗೆ ಫೋನ್ ಮಾಡಿದರು. ಬಸುರಿಗೆ, ಸಣ್ಣ ಮಕ್ಕಳಿಗೆ, ಮುದುಕರಿಗೆ ಆ ಕಟ್ಟು ಇಲ್ಲ ಎಂದು ಅವರು ಹೇಳಿದರಂತೆ. ಒಂಬತ್ತಕ್ಕೆ ಬಿಸಿ ಅನ್ನ ಬಡಿಸಿದರು, ಹಾಲು ಕೊಟ್ಟರು. ಗ್ರಹಣ ಮುಗಿಯುವವರೆಗೆ ಹೊರಗೆ ಕಾಲಿಡಬೇಡ, ಚಾಕು ಕತ್ತರಿ ಮುಟ್ಟಬೇಡ ಎಂದದ್ದಕ್ಕೆ ಒಪ್ಪಿದೆ. ಅದರಿಂದ ಯಾರಿಗೂ ನಷ್ಟವಿಲ್ಲ. ಗ್ರಹಣದ ನೆರಳು ಕೂಸಿಗೆ ತಾಗುತ್ತದೆ ಎಂದು ನಾನು ನಂಬುವುದಿಲ್ಲ. ನಡುರಾತ್ರಿ ಎಚ್ಚರವಾದಾಗ ಅತ್ತೆ ನನ್ನ ಕಾಲ ಬಳಿ ಗೋಡೆಗೆ ಒರಗಿ ಕುಳಿತಿದ್ದರು, ಕೈಯಲ್ಲಿ ಜಪಮಣಿ. ಬೆಳಗಿನಿಂದ ಹೊಲದಲ್ಲಿ ದುಡಿದ ಜೀವ ಅದು. ಅವರು ಆ ರಾತ್ರಿ ಮಲಗಲಿಲ್ಲ.

ಕೂಸು ಮಿಸುಕಾಡಿದ್ದು ನವೆಂಬರ್ 10ಕ್ಕೆ, ದೀಪಾವಳಿ ರಜೆಯ ಹಿಂದಿನ ದಿನ, ಸಂಜೆಯ ಬಸ್ಸಿನಲ್ಲಿ. ಕಿಟಕಿಗೆ ತಲೆ ಆನಿಸಿದ್ದೆ. ಹೊಕ್ಕುಳಿನ ಕೆಳಗೆ, ಎಡಕ್ಕೆ, ಮುಚ್ಚಿದ ಮುಷ್ಟಿಯಲ್ಲಿ ಹಿಡಿದ ಪಾತರಗಿತ್ತಿ ಒಮ್ಮೆ ರೆಕ್ಕೆ ಬಡಿದಂತೆ. ಬಸ್ಸಿನ ನಡುಕವಿರಬೇಕು ಎಂದುಕೊಂಡೆ. ಬಸ್ಸು ನಿಲ್ದಾಣದಲ್ಲಿ ನಿಂತಾಗ ಮತ್ತೆ ಆಯಿತು. ಇಳಿಯುವವರೆಲ್ಲ ಇಳಿದರು, ನಾನು ಕುಳಿತೇ ಇದ್ದೆ. ಕಂಡಕ್ಟರ್ ಬಂದು, "ಆರಾಮ ಅದೀರಿಲ್ಲೋ ಅಕ್ಕೋರ?" ಎಂದ. ಹೌದು ಎನ್ನಲು ದನಿ ಬರಲಿಲ್ಲ.

ಚೊಚ್ಚಲಿನಲ್ಲಿ ಹೆಚ್ಚಿನವರಿಗೆ 18ರಿಂದ 20 ವಾರಕ್ಕೆ ತಿಳಿಯುತ್ತದೆ. ನನಗೆ 22 ವಾರ. ಕಾರಣ ವರದಿಯಲ್ಲೇ ಇತ್ತು: ನನ್ನ ಮಾಸು ಗರ್ಭಚೀಲದ ಮುಂಭಾಗದ ಗೋಡೆಗೆ ಅಂಟಿತ್ತು. ಕೂಸು ಒದ್ದರೆ ಆ ಮೆತ್ತೆಗೆ ತಾಗುತ್ತದೆ, ಹೊರಗೆ ಗೊತ್ತಾಗುವುದು ತಡ. ಸೀಗಿ ಹುಣ್ಣಿಮೆಯ ದಿನ ಈ ಒಂದು ಸಂಗತಿ ಗೊತ್ತಿದ್ದಿದ್ದರೆ ತುತ್ತು ಇಳಿಯುತ್ತಿತ್ತು. 24 ವಾರ ಕಳೆದರೂ ಏನೂ ತಿಳಿಯದಿದ್ದರೆ ಮಾತ್ರ ತಡಮಾಡದೆ ತೋರಿಸಬೇಕು.

ಡಿಸೆಂಬರ್ 9ಕ್ಕೆ 26 ವಾರ. ಆವತ್ತು ಸಕ್ಕರೆಯ ಪರೀಕ್ಷೆ. ಮೊದಲಿನಿಂದ ಸಕ್ಕರೆ ಕಾಯಿಲೆ ಇಲ್ಲದವರಿಗೂ ಬಸಿರಿನಲ್ಲಿ ಬರುತ್ತದೆ, ಅದಕ್ಕೇ 24ರಿಂದ 28 ವಾರದೊಳಗೆ ನೋಡುತ್ತಾರೆ. 75 ಗ್ರಾಂ ಗ್ಲೂಕೋಸು ಒಂದು ದೊಡ್ಡ ಲೋಟ ನೀರಿನಲ್ಲಿ ಕಲಸಿ ಕೊಟ್ಟರು. ಐದು ಹತ್ತು ನಿಮಿಷದಲ್ಲಿ ಕುಡಿದು ಮುಗಿಸಬೇಕು. ಉಂಡು ಬಂದಿದ್ದರೂ ನಡೆಯುತ್ತದೆ. ಅರ್ಧ ತಾಸಿನೊಳಗೆ ವಾಂತಿಯಾದರೆ ಇನ್ನೊಂದು ದಿನ ಮತ್ತೆ ಕುಡಿಯಬೇಕು, ಹಾಗಾಗಿ ಗುಟುಕು ಗುಟುಕಾಗಿ ಕುಡಿದೆ. ಬಾಯಿ, ಗಂಟಲು ಎಲ್ಲ ಅಂಟಂಟು. ಎರಡು ತಾಸು ಕೂರಬೇಕು. ಜಗುಲಿಯ ಮೇಲೆ ನಾವು ಹನ್ನೊಂದು ಜನ ಬಸುರಿಯರು, ಎಲ್ಲರ ಕೈಯಲ್ಲೂ ಖಾಲಿ ಲೋಟ. ಮಾತು ಗುಳಿಗೆಗೆ ಬಂತು. ನಾನು ಒಬ್ಬೊಬ್ಬರನ್ನೇ ಕೇಳಿದೆ, ಹೆಂಗ ತೊಗೋತೀರಿ ಎಂದು. ಹನ್ನೊಂದರಲ್ಲಿ ಐವರು ಚಾ ಜೊತೆಗೆ. ಒಬ್ಬಳು ಹಾಲಿನ ಜೊತೆಗೆ. ಇಬ್ಬರು ಕಪ್ಪಗೆ ಹೋಗುತ್ತದೆಂದು ಹೆದರಿ ನಿಲ್ಲಿಸಿದ್ದರು. ಅವರಿಗೆಲ್ಲ ಅಂಗನವಾಡಿಯ ಮಾತನ್ನು ಹೇಳಿದೆ. ಸಿಸ್ಟರ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಮುಂದಿನ ಸಲದಿಂದ ನಾನೂ ಕೇಳ್ತೀನ್ರಿ" ಎಂದರು.

ಎರಡು ತಾಸಿನ ಮೇಲೆ ರಕ್ತ ತೆಗೆದರು. ಸಕ್ಕರೆ 118. 140 ಮುಟ್ಟಿದರೆ ಬಸಿರಿನ ಸಕ್ಕರೆ ಕಾಯಿಲೆ ಎನ್ನುತ್ತಾರೆ. ಹಿಮೋಗ್ಲೋಬಿನ್ 10.1. ಇನ್ನೂ ಗೆರೆಯ ಕೆಳಗೇ, ಆದರೆ ಏರುತ್ತಿತ್ತು. ಸಲೈನ್ ಬೇಡವೆಂದರು. ಟೇಪು ಹಿಡಿದು ಹೊಟ್ಟೆ ಅಳೆದರು, 26 ಸೆಂಟಿಮೀಟರ್. ವಾರವೆಷ್ಟೋ ಹೆಚ್ಚುಕಡಿಮೆ ಅಷ್ಟೇ ಸೆಂಟಿಮೀಟರ್ ಇರಬೇಕಂತೆ. ಎದೆಬಡಿತ ಕೇಳಿಸಿದರು, ದೂರದಲ್ಲಿ ಕುದುರೆ ಓಡಿದ ಹಾಗೆ.

ಮರುದಿನ ಭಾನುವಾರ ನನ್ನ ಕುಬಸ, ಬಸುರಿಗೆ ಮಡಿಲು ತುಂಬುವ ಶಾಸ್ತ್ರ. ಧನುರ್ಮಾಸ ಹಿಡಿಯುವ ಮುಂಚೆ ಆಗಬೇಕೆಂದು ಅವ್ವ ಆ ದಿನವನ್ನೇ ಹಿಡಿದಿದ್ದಳು. ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಬಸ ತಂದಿದ್ದಳು. ಹಸಿರು ಬಳೆ ಮೊಣಕೈವರೆಗೆ ಇಡಿಸಿದರು, ಮಡಿಲು ತುಂಬಿದರು. ಅಂಗನವಾಡಿಯವರೂ ಬಂದಿದ್ದರು. ಊಟವಾದ ಮೇಲೆ ಎಲ್ಲರಿಗೂ ಚಾ ಬಂತು. ನನ್ನ ಕೈಗೂ ಒಂದು ಕಪ್ಪು ಬಂತು. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದವರು, ಗಡಿಯಾರ ನೋಡಿ, ಕಪ್ಪನ್ನು ಮೆಲ್ಲಗೆ ನನ್ನ ಕೈಯಿಂದ ಇಸಿದುಕೊಂಡು ಅವ್ವನ ಕೈಗೆ ಕೊಟ್ಟರು.

"ಬೆಳಿಗ್ಗೆ ಗಡಿಬಿಡ್ಯಾಗ ಗುಳಿಗಿ ತಡ ಆಗಿತ್ತು ಅಕಿಗೆ, ಈಗ ತಾನ ನುಂಗ್ಯಾಳ" ಎಂದು ಅವ್ವನಿಗೆ ಹೇಳಿದರು. "ಎರಡು ತಾಸು ಆಗ್ಲಿ. ನಾನ ಮಾಡಿ ಕೊಡ್ತೀನಿ."